ಇಎನ್‌ಟಿ ಸರ್ಜನ್ ಸಂಶೋಧನೆಯೂ ಮಾಡಬೇಕು ಅಂದ್ರೆ ಪಿಎಚ್‌ಡಿ ಬೇಕೇ ಬೇಕಾ?

ಪ್ರಶ್ನೆ: ನಾನು ಇಎನ್‌ಟಿ ತರಬೇತಿಯಲ್ಲಿದ್ದೇನೆ. ಆಪರೇಷನ್ ಮಾಡುವುದು ಇಷ್ಟ, ಸಂಶೋಧನೆಯೂ ಇಷ್ಟ. ಎರಡೂ ಬೇಕು ಅಂದರೆ ಪಿಎಚ್‌ಡಿ ಮಾಡಲೇಬೇಕಾ? ನಡುವೆ ಎರಡು ವರ್ಷ ಲ್ಯಾಬಿನಲ್ಲಿ ಕೂತರೆ ಆಪರೇಷನ್ ಕೈ ತಪ್ಪಿಹೋಗುವುದಿಲ್ಲವಾ?

ಪಿಎಚ್‌ಡಿ ಕಡ್ಡಾಯವಲ್ಲ. ಕೈ ಸ್ವಲ್ಪ ತಪ್ಪುತ್ತದೆ, ಮತ್ತೆ ಕೂಡಿಬರುತ್ತದೆ. ಆದರೆ ಈ ಪ್ರಶ್ನೆ ಕೇಳುವವರು ಡಿಗ್ರಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಸಮಯದ ಬಗ್ಗೆ ಕೇಳುವುದೇ ಇಲ್ಲ. ಅದಕ್ಕೆ ಮೊದಲು ನೂರು ವರ್ಷಕ್ಕೂ ಹಿಂದಿನ ಒಂದು ಕಿವಿ ಓಪಿಡಿಗೆ ಹೋಗಿಬರೋಣ.

ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ಕಿವಿ ವೈದ್ಯರಿದ್ದರು. ರೋಗಿಗಳ ಕಿವಿಗೆ ಸಿರಿಂಜಿನಿಂದ ನೀರು ಹಾಯಿಸಿ ತೊಳೆಯುವುದು ಅವರ ಮಾಮೂಲಿ ಕೆಲಸ. ತೊಳೆಯುವಾಗ ಕೆಲವರು ತಲೆ ಸುತ್ತುತ್ತಿದೆ ಅನ್ನುತ್ತಿದ್ದರು. ಇದು ಆಗಿನ ಕಿವಿ ವೈದ್ಯರಿಗೆಲ್ಲ ಗೊತ್ತಿದ್ದದ್ದೇ. ಬಾರಾನಿ ಮಾತ್ರ ಅವರ ಕಣ್ಣು ನೋಡಿದರು. ಕಣ್ಣುಗುಡ್ಡೆ ಒಂದೇ ಕಡೆಗೆ ಜಗ್ಗಿ ಜಗ್ಗಿ ಓಡುತ್ತಿತ್ತು. ನೀರು ಸಾಕಷ್ಟು ಬೆಚ್ಚಗಿಲ್ಲದಿದ್ದರೆ ಮಾತ್ರ ಹೀಗಾಗುತ್ತದೆ ಅಂತ ಒಬ್ಬ ರೋಗಿ ಹೇಳಿದ. ಸರಿ, ತುಂಬಾ ಬಿಸಿ ಇದ್ದರೆ? ಆಗಲೂ ತಲೆ ಸುತ್ತಿತು. ಆದರೆ ಕಣ್ಣು ಉಲ್ಟಾ ದಿಕ್ಕಿಗೆ ಓಡಿತು.

ಬಾರಾನಿಗೆ ಸ್ನಾನದ ನೀರು ಕಾಯಿಸುವ ಬಾಯ್ಲರ್ ನೆನಪಾಯಿತು. ಕಾದ ನೀರು ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಒಳಗಿವಿಯ ಬಾಗಿದ ನಾಳಗಳಲ್ಲಿರುವ ದ್ರವವೂ ಹಾಗೇ ಹರಿಯುತ್ತಿರಬೇಕು. ಹಾಗಿದ್ದರೆ ತಲೆಯನ್ನು ತಿರುಗಿಸಿ ನಾಳವನ್ನು ಮೇಲೆಕೆಳಗೆ ಮಾಡಿದರೆ ಕಣ್ಣಿನ ಓಟವೂ ತಿರುಗಬೇಕು, ಅಲ್ವಾ? ತಿರುಗಿಸಿ ನೋಡಿದರು. ತಿರುಗಿತು. 1914ರ ನೊಬೆಲ್ ಅವರ ಪಾಲಾಯಿತು. ಪ್ರಶಸ್ತಿಯ ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. ತಲೆಸುತ್ತಿನ ರೋಗಿಗೆ ಈಗಲೂ ಈ ಪರೀಕ್ಷೆ ಮಾಡುತ್ತಾರೆ.

ಇದಕ್ಕೊಂದು ಬಾಲ ಇದೆ. 1983ರಲ್ಲಿ ಸ್ಪೇಸ್‌ಲ್ಯಾಬ್ ಎಂಬ ಬಾಹ್ಯಾಕಾಶ ಲ್ಯಾಬಿನಲ್ಲಿ ಗಗನಯಾತ್ರಿಗಳ ಮೇಲೆ ಇಂಥದೇ ಪರೀಕ್ಷೆ ನಡೆಯಿತು. ತೂಕವೇ ಇಲ್ಲದ ಕಡೆ ಬಿಸಿ ದ್ರವ ಮೇಲೇರುವ ಮಾತೇ ಇಲ್ಲ. ಆದರೂ ಕಣ್ಣು ಓಡಿತು! ಅಂದರೆ ನೊಬೆಲ್ ಪಡೆದವರ ವಿವರಣೆಯೂ ಪೂರ್ತಿ ಆಗಿರಲಿಲ್ಲ.

ಸಂಶೋಧನಾ ತರಬೇತಿ ಅಂದರೆ ಮುಖ್ಯವಾಗಿ ಇದೇ. ರೋಗಿಯ ಬಾಯಲ್ಲಿ ಬಂದ ಒಂದು ದೂರನ್ನು, ತಪ್ಪು ಅಂತ ತೋರಿಸಲು ಸಾಧ್ಯವಿರುವ ಒಂದು ಊಹೆಯಾಗಿ ಮಾಡಿಕೊಳ್ಳುವುದು. 'ಟಾನ್ಸಿಲ್ ತೆಗೆದ ಮೇಲೆ ಕೆಲವು ಮಕ್ಕಳಿಗೆ ನೋವು ಜಾಸ್ತಿ' ಅನ್ನುವುದು ದೂರು. ಯಾವ ವಯಸ್ಸಿನವರಿಗೆ, ಎಷ್ಟನೇ ದಿನ, ನೋವನ್ನು ಅಳೆಯುವುದು ಹೇಗೆ, ಯಾರ ಜೊತೆ ಹೋಲಿಸುವುದು, ಎಷ್ಟು ಮಕ್ಕಳನ್ನು ನೋಡಿದರೆ ನಂಬಬಹುದು? ಏನು ಬಂದರೆ ನನ್ನ ಊಹೆ ತಪ್ಪು ಅಂತ ಒಪ್ಪಿಕೊಳ್ಳುತ್ತೇನೆ? ಇಷ್ಟನ್ನೂ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಬರೆದಿಡಬೇಕು. ಅಂಕಿಅಂಶ, ಎಥಿಕ್ಸ್ ಸಮಿತಿಯ ನಿಯಮ, ಅನುದಾನದ ಅರ್ಜಿ ಬರೆಯುವುದು ಇವೆಲ್ಲ ಕೋರ್ಸಿನಲ್ಲಿ ಸಿಗುತ್ತವೆ. ಈ ಅಭ್ಯಾಸ ಮಾತ್ರ, ತಪ್ಪಿದಾಗ ಮುಖಕ್ಕೇ ಹೇಳುವ ಒಬ್ಬ ಗೈಡ್ ಪಕ್ಕದಲ್ಲಿದ್ದರೆ ಬರುತ್ತದೆ. ಸುಮ್ನೆ ಹತ್ತು ಕೇಸ್ ರಿಪೋರ್ಟ್ ಪ್ರಕಟಿಸಿದರೆ ಬಯೋಡೇಟಾ ಉದ್ದ ಆಗುತ್ತದೆ, ಅಷ್ಟೇ.

ಇಎನ್‌ಟಿಯಲ್ಲಿ ಇನ್ನೊಂದು ತೊಡಕಿದೆ. ಗಂಟಲಿನ ಗಡ್ಡೆಯಾದರೆ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಬಹುದು. ಒಳಗಿವಿಯಲ್ಲಿ ಆ ಆಟ ನಡೆಯುವುದಿಲ್ಲ. ಒಳಗಿವಿಯಲ್ಲಿ ಶಬ್ದ ಕೇಳುವ ಭಾಗವಾದ ಕಾಕ್ಲಿಯ ಬಟಾಣಿ ಕಾಳಿನಷ್ಟಿದೆ. ಎರಡೂವರೆ ಸುತ್ತಿನ ಶಂಖದ ಹಾಗೆ ಸುರುಳಿಯಾಗಿ, ದೇಹದ ಅತಿ ಗಟ್ಟಿ ಮೂಳೆಯೊಂದರ ಒಳಗೆ ಅಡಗಿದೆ. ಶಬ್ದವನ್ನು ಹಿಡಿಯುವ ಕೇಶಕೋಶಗಳು ಅದರಲ್ಲಿ ಸುಮಾರು 15,000. ಚುಚ್ಚಿ ನೋಡಲು ಹೋದರೆ ಇರುವ ಕೇಳಿಕೆಯೂ ಹೋಗಬಹುದು. ಹಾಗಾಗಿ ತೀರಿಕೊಂಡವರು ದಾನ ಮಾಡಿದ ಕಿವಿಮೂಳೆಯೇ ಗತಿ. ಅದರ ಕ್ಯಾಲ್ಸಿಯಂ ಕರಗಿಸಿ ಮೆತ್ತಗೆ ಮಾಡಬೇಕು, ಸೆಲಾಯ್ಡಿನ್ ಎಂಬ, ಗಟ್ಟಿಯಾಗಿ ಹಿಡಿದಿಡುವ ದ್ರಾವಣದಲ್ಲಿ ಹುದುಗಿಸಬೇಕು, ಆಮೇಲೆ ಎಳೆ ಎಳೆಯಾಗಿ ಕೊಯ್ಯಬೇಕು. ಈ ಹಳೆಯ ಕ್ರಮದಲ್ಲಿ ಒಂದು ಮೂಳೆ ಸ್ಲೈಡಿಗೆ ಬರಲು ವರ್ಷವೇ ಬೇಕು. ಇಲ್ಲವೇ ಪ್ರಾಣಿಗಳ ಮೊರೆ ಹೋಗಬೇಕು. ಹಕ್ಕಿಗಳಲ್ಲಿ ಸತ್ತ ಕೇಶಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ ಅಂತ 1980ರ ದಶಕದಲ್ಲಿ ಗೊತ್ತಾದದ್ದು ಹಾಗೆಯೇ. ನಮ್ಮ ಕಾಕ್ಲಿಯದಲ್ಲಿ ಹುಟ್ಟುವುದಿಲ್ಲ. ಯಾಕೆ ಅಂತ ಲ್ಯಾಬುಗಳು ಇವತ್ತಿಗೂ ಹುಡುಕುತ್ತಿವೆ.

ಇಂಥ ಕೆಲಸವನ್ನು ಎರಡು ನೈಟ್ ಡ್ಯೂಟಿಗಳ ನಡುವೆ ಮಾಡಲು ಆಗುವುದಿಲ್ಲ. ಅಮೆರಿಕದಲ್ಲಿ ಇಎನ್‌ಟಿ ತರಬೇತಿ 5 ವರ್ಷ. ಕೆಲವು ಕಡೆ 7 ವರ್ಷದ ದಾರಿಯೂ ಇದೆ, ಅದರಲ್ಲಿ 2 ವರ್ಷ ಸಂಶೋಧನೆಗೇ ಮೀಸಲು. ಕಿವುಡುತನ ಮತ್ತು ಮಾತಿನ ತೊಂದರೆಗಳಿಗಾಗಿ 1988ರಲ್ಲಿ ಹುಟ್ಟಿದ ಅಲ್ಲಿನ ರಾಷ್ಟ್ರೀಯ ಸಂಸ್ಥೆ, ಎನ್‌ಐಡಿಸಿಡಿ, ಇದಕ್ಕೆ ಹಣ ಕೊಡುತ್ತದೆ. ತರಬೇತಿ ಮುಗಿಸಿದವರಿಗೆ ಸಿಗುವ 'ಕೆ' ಅನುದಾನದಲ್ಲಿ, ಸಾಮಾನ್ಯವಾಗಿ ಕೆಲಸದ ಸಮಯದ 75% ಸಂಶೋಧನೆಗೆ ಕೊಡಬೇಕು ಅನ್ನುವ ಷರತ್ತಿದೆ. ವಾರಕ್ಕೆ ಅರ್ಧ ದಿನ ಸಿಕ್ಕರೆ ಸಾಕು ಅಂದುಕೊಂಡವರು ಈ ಅಂಕಿಯನ್ನು ಇನ್ನೊಮ್ಮೆ ನೋಡಬೇಕು.

ಹಾಗಾದರೆ ಪಿಎಚ್‌ಡಿ ಯಾರಿಗೆ? ಗ್ರೇಮ್ ಕ್ಲಾರ್ಕ್ ಆಸ್ಟ್ರೇಲಿಯಾದ ಕಿವಿ ಸರ್ಜನ್. ಅವರ ಅಪ್ಪನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಪ್ರಾಕ್ಟೀಸ್ ನಡೆಯುತ್ತಿದ್ದಾಗಲೇ ಅದನ್ನು ಬಿಟ್ಟು ಸಿಡ್ನಿಯಲ್ಲಿ ಪಿಎಚ್‌ಡಿಗೆ ಸೇರಿದರು. ಕರೆಂಟ್ ಕೊಟ್ಟರೆ ಕೇಳುವ ನರ ಹೇಗೆ ಸ್ಪಂದಿಸುತ್ತದೆ ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಆಪರೇಷನ್ ಥಿಯೇಟರಿನಲ್ಲಿ ಉತ್ತರ ಇರಲಿಲ್ಲ. ಮುಂದೆ, ಆ ನರಕ್ಕೆ ಕರೆಂಟ್ ಕೊಡುವ ಎಲೆಕ್ಟ್ರೋಡನ್ನು ಕಾಕ್ಲಿಯದ ಸುರುಳಿಯೊಳಗೆ ತೂರಿಸುವುದು ಹೇಗೆ ಅಂತ ಗೊತ್ತಾಗದೆ ಕೂತಿದ್ದಾಗ, ಸಮುದ್ರ ದಂಡೆಯಲ್ಲಿ ಒಂದು ಶಂಖದೊಳಕ್ಕೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗಿದ್ದು ಬುಡ ಗಟ್ಟಿಯಿದ್ದರೆ ಸಲೀಸಾಗಿ ಒಳಗೆ ಹೋಗುತ್ತಿತ್ತು. 1978ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ಮೊದಲ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಈ ಎಲೆಕ್ಟ್ರೋಡ್ ಸಾಧನವನ್ನು ರೋಗಿಯ ಕಿವಿಯಲ್ಲಿ ಕೂರಿಸುವ ಆಪರೇಷನ್, ಆಯಿತು. ಹುಲ್ಲಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದಕ್ಕೆ ಮುಂಚಿನ ಲ್ಯಾಬಿನ ವರ್ಷಗಳನ್ನು ಯಾರೂ ಹೇಳುವುದಿಲ್ಲ.

ನಿಮ್ಮ ಪ್ರಶ್ನೆಯೂ ನರ, ಜೀನ್, ಕೋಶದ್ದಾದರೆ ಪಿಎಚ್‌ಡಿ, ಅಥವಾ ಅಷ್ಟೇ ಆಳದ ಎರಡು-ಮೂರು ವರ್ಷದ ಲ್ಯಾಬ್ ಕೆಲಸ ಬೇಕು. ಎರಡು ಆಪರೇಷನ್‌ಗಳಲ್ಲಿ ಯಾವುದು ವಾಸಿ, ಯಾವ ಮಗುವಿಗೆ ಗ್ರಾಮೆಟ್ (ಕಿವಿ ತಮಟೆಯಲ್ಲಿ ಕೂರಿಸುವ ಪುಟ್ಟ ನಳಿಕೆ) ಬೇಕು ಅನ್ನುವಂಥದ್ದಾದರೆ ಕ್ಲಿನಿಕಲ್ ಸಂಶೋಧನೆಯಲ್ಲಿ ಒಂದು ಮಾಸ್ಟರ್ಸ್, ಜೊತೆಗೆ ಒಳ್ಳೆ ಗೈಡ್ ಸಾಕು.

ಇನ್ನು ಕೈಯ ಮಾತು. ವಾರಕ್ಕೊಂದು ದಿನ ಥಿಯೇಟರಿಗೆ ಹೋಗಲು ಕೇಳಿಕೊಳ್ಳಿ. ಕಿವಿಮೂಳೆ ಕೊರೆಯುವ ಲ್ಯಾಬಿನಲ್ಲಿ ಡ್ರಿಲ್ ಹಿಡಿಯುತ್ತಿರಿ. ವಾಪಸ್ ಬಂದ ಮೊದಲ ಕೆಲವು ವಾರ ಮುಜುಗರ ಆಗುತ್ತದೆ, ಜೂನಿಯರ್ ನಿಮಗಿಂತ ಚುರುಕಾಗಿ ಹೊಲಿಗೆ ಹಾಕುತ್ತಿರುತ್ತಾರೆ. ಆಗಲಿ ಬಿಡಿ.

ಎಲ್ಲೇ ಸೇರುವ ಮೊದಲು ಅಲ್ಲಿ ತರಬೇತಿ ಮುಗಿಸಿದ ಇಬ್ಬರು-ಮೂವರಿಗೆ ಫೋನ್ ಮಾಡಿ. ಸಂಶೋಧನೆಯ ವರ್ಷದಲ್ಲಿ ಎಷ್ಟು ಸಲ ಡ್ಯೂಟಿಗೆ ಎಳೆದುಕೊಂಡರು, ಗೈಡ್ ವಾರಕ್ಕೊಮ್ಮೆಯಾದರೂ ಸಿಗುತ್ತಿದ್ದರಾ, ಈಗಲೂ ಸಂಶೋಧನೆ ಮಾಡುತ್ತಿದ್ದೀರಾ ಅಂತ ಕೇಳಿ. ಕೊನೆಯದಕ್ಕೆ ಮೂವರೂ 'ಎಲ್ಲಿ ಟೈಮ್ ಸಿಗುತ್ತೆ' ಅಂದರೆ ಬೇರೆ ಜಾಗ ನೋಡಿ.