ಸಾಕ್ಷಿಗಾಗಿ ಕಾದ ಪದಕ

ಪ್ರಶ್ನೆ: ಬಾಂಬರ್ ವಿಮಾನದ ಗನ್ನರ್ ಆಂಡ್ರ್ಯೂ ಮೈನಾರ್ಸ್ಕಿ ಸತ್ತದ್ದು 1944ರ ಜೂನ್‌ನಲ್ಲಿ. ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಅವನಿಗೆ ಘೋಷಣೆಯಾದದ್ದು 1946ರ ಅಕ್ಟೋಬರ್‌ನಲ್ಲಿ. ಇಷ್ಟು ತಡವಾದದ್ದೇಕೆ?

ಕಡತ ಯಾವುದೋ ಮೇಜಿನ ಮೇಲೆ ಧೂಳು ಹಿಡಿದು ಬಿದ್ದಿತ್ತು ಎಂದು ಊಹಿಸುವುದು ನಮಗೆ ಅಭ್ಯಾಸ. ಇಲ್ಲಿ ಬಹುಕಾಲ ಕಡತವೇ ಇರಲಿಲ್ಲ. ಅವನು ಮಾಡಿದ್ದನ್ನು ಕಣ್ಣಾರೆ ಕಂಡವನು ಒಬ್ಬನೇ. ಆ ಒಬ್ಬನೂ ಬದುಕಿ ಉಳಿಯಬೇಕಾದವನಲ್ಲ.

ಮೈನಾರ್ಸ್ಕಿ ಕೆನಡಾದ ವಿನ್ನಿಪೆಗ್‌ನವನು, ಪೋಲೆಂಡ್‌ನಿಂದ ವಲಸೆ ಬಂದವರ ಮಗ. ಜೂನ್ 12ರ ರಾತ್ರಿ ಕೆನಡಾ ವಾಯುಪಡೆಯ 419ನೇ ಸ್ಕ್ವಾಡ್ರನ್ನಿನ ಲ್ಯಾಂಕಾಸ್ಟರ್ ವಿಮಾನದಲ್ಲಿ ಏಳು ಮಂದಿ ಇಂಗ್ಲೆಂಡಿನಿಂದ ಫ್ರಾನ್ಸಿನ ಕಾಂಬ್ರೆ ರೈಲ್ವೆ ಯಾರ್ಡಿನತ್ತ ಹೊರಟರು. ಅದು ಆ ತಂಡದ 13ನೇ ಕಾರ್ಯಾಚರಣೆ, ನಡುರಾತ್ರಿ ದಾಟಿದರೆ ತಾರೀಖೂ 13. ಶಕುನ ನಂಬುವವರಿಗೆ ಇಷ್ಟು ಸಾಕು. ಜರ್ಮನಿಯ ಯುಂಕರ್ಸ್ ವಿಮಾನದ ಗುಂಡಿಗೆ ಎಡ ರೆಕ್ಕೆಯ ಎರಡೂ ಎಂಜಿನ್‌ಗಳು ಕೆಟ್ಟವು, ರೆಕ್ಕೆಗೂ ಒಡಲಿಗೂ ಬೆಂಕಿ ಹತ್ತಿತು. ಹಾರಿಕೊಳ್ಳಿ ಎಂದು ಪೈಲಟ್ ಆಜ್ಞೆ ಕೊಟ್ಟ.

ಮೈನಾರ್ಸ್ಕಿ ಕೂರುತ್ತಿದ್ದುದು ವಿಮಾನದ ಬೆನ್ನಿನ ಮೇಲಿನ ಬಂದೂಕಿನ ಗೂಡಿನಲ್ಲಿ. ಬಾಲದ ತುದಿಯ ಗೂಡಿನಲ್ಲಿದ್ದವನು ಅವನ ಗೆಳೆಯ ಪ್ಯಾಟ್ ಬ್ರೋಫಿ. ಟರೆಟ್ ಎನ್ನುವ ಈ ಗೂಡು ಎಂಜಿನ್ ಒದಗಿಸುವ ಹೈಡ್ರಾಲಿಕ್ ಒತ್ತಡದಿಂದ ತಿರುಗುತ್ತದೆ. ಅದು ಸರಿಯಾದ ಕೋನಕ್ಕೆ ಬಂದರೆ ಮಾತ್ರ ಒಳಗಿರುವವನು ಹೊರಬೀಳಬಹುದು. ಎಂಜಿನ್ ಹೋದ ಮೇಲೆ ಗೂಡು ಅಡ್ಡಕೋನದಲ್ಲಿ ಸಿಕ್ಕಿಕೊಂಡಿತು. ಇಂಥ ಹೊತ್ತಿಗೆಂದೇ ಇದ್ದ ಕೈಹಿಡಿಯನ್ನು ಬ್ರೋಫಿ ತಿರುಗಿಸಿದ. ಅದು ಮುರಿದು ಕೈಗೆ ಬಂತು.

ಮೈನಾರ್ಸ್ಕಿ ಆಗ ಜಿಗಿಯಲು ಬಾಗಿಲ ಬಳಿ ಬಂದಿದ್ದ. ತಿರುಗಿ ನೋಡಿದ. ಉರಿಯ ನಡುವೆಯೇ ಬಾಲದತ್ತ ಹೋಗಿ, ಗೂಡನ್ನು ಬಿಡಿಸಲು ಹೆಣಗಿದ. ಸೊಂಟದಿಂದ ಕೆಳಗಿನ ಬಟ್ಟೆ, ಪ್ಯಾರಾಚೂಟ್ ಎರಡೂ ಹೊತ್ತಿಕೊಂಡವು. ಇನ್ನು ಆಗದು, ಹೋಗು ಎಂದು ಬ್ರೋಫಿಯೇ ಸನ್ನೆ ಮಾಡಿದ. ಮೈನಾರ್ಸ್ಕಿ ಗೆಳೆಯನಿಗೆ ಬೆನ್ನು ತೋರದೆ ಹಿಂದೆ ಸರಿಯುತ್ತಾ ಬಾಗಿಲು ಮುಟ್ಟಿದ, ಉರಿಯುವ ಬಟ್ಟೆಯಲ್ಲೇ ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿ ಜಿಗಿದ. ನೆಲದ ಮೇಲಿದ್ದ ಫ್ರೆಂಚರು ಉರಿಯುತ್ತಾ ಇಳಿದವನನ್ನು ಕಂಡರು. ಸುಟ್ಟಗಾಯಗಳಿಂದ ಅವನು ಸತ್ತ.

ಬ್ರೋಫಿಯ ಕಥೆಯನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. ಬಾಂಬುಗಳನ್ನು ಹೊತ್ತೇ ನೆಲಕ್ಕಪ್ಪಳಿಸಿದ ವಿಮಾನ ಮರಕ್ಕೆ ಬಡಿಯಿತು, ಅವನು ಹೊರಗೆ ಎಸೆಯಲ್ಪಟ್ಟು ಬದುಕಿದ. ಫ್ರೆಂಚರು ಬಚ್ಚಿಟ್ಟುಕೊಂಡು ಕಾಪಾಡಿದರು. ಗೆಳೆಯ ಸತ್ತ ಸುದ್ದಿ ತಿಳಿದದ್ದು ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೆ. 1945ರಲ್ಲಿ ಹಳೆಯ ತಂಡದವರು ಮತ್ತೆ ಸೇರಿದಾಗ, ಆ ಬಾಗಿಲ ಬಳಿ ನಡೆದದ್ದು ಉಳಿದವರಿಗೂ ಗೊತ್ತಾಯಿತು. ಪೈಲಟ್ ಡಿ ಬ್ರೇನ್ ಶಿಫಾರಸಿಗೆ ಓಡಾಡಿದ್ದು ಅಲ್ಲಿಂದಾಚೆಗೆ.

ಮತ್ತೊಂದು ತೊಡಕಿತ್ತು. ಪರಮವೀರ ಚಕ್ರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಬಂದದ್ದು ಮರಣೋತ್ತರವಾಗಿ. ಹಾಗಾಗಿ ಸತ್ತವರಿಗೆ ಪದಕ ಎಂದರೆ ನಮಗೆ ವಿಶೇಷವಲ್ಲ. ಆಗಿನ ಬ್ರಿಟಿಷ್ ನಿಯಮ ಹಾಗಿರಲಿಲ್ಲ. ವಾಯುಪಡೆಯ ಅಧಿಕಾರಿಗಳಿಗೆ ಡಿಎಫ್‌ಸಿ, ಕೆಳಗಿನ ದರ್ಜೆಯವರಿಗೆ ಡಿಎಫ್‌ಎಂ ಪದಕಗಳಿದ್ದವು, ಆದರೆ ಎರಡೂ ಬದುಕಿರುವವರಿಗೆ ಮಾತ್ರ. ಶತ್ರುವಿನೆದುರು ಹೋರಾಡುತ್ತಾ ಸತ್ತವನಿಗೆ ಸಿಗುವುದು ಒಂದೋ ಸೇನಾ ವರದಿಯಲ್ಲಿ ಹೆಸರಿನ ಉಲ್ಲೇಖ, ಇಲ್ಲವೇ ನೇರ ವಿಕ್ಟೋರಿಯಾ ಕ್ರಾಸ್. ನಡುವೆ ಮೆಟ್ಟಿಲೇ ಇಲ್ಲ.

ಬೆಂಕಿ ದಾಟಿ ಬರದೆ ಹೋಗಿದ್ದರೆ ಮೈನಾರ್ಸ್ಕಿ ಕ್ಷೇಮವಾಗಿ ಹಾರಿಕೊಳ್ಳಬಹುದಿತ್ತು ಎಂದು ಬ್ರೋಫಿ ಸಾಕ್ಷಿ ನುಡಿದ. ಪದಕದ ಜೊತೆ ಪ್ರಕಟವಾದ ಒಕ್ಕಣೆಯಲ್ಲಿ ಆ ಮಾತೂ ಇದೆ, ಸೆಲ್ಯೂಟೂ ಇದೆ.