ಸಬ್‌ವೂಫರ್ ಗುಂಯ್ ಅಂದರೆ ಮೊದಲು ವಾಲ್ಯೂಮ್ ತಿರುಗಿಸಿ ನೋಡಿ

ಹಾಡು ನಿಂತ ಮೇಲೂ ಸಬ್‌ವೂಫರ್ ಗುಂಯ್ ಅನ್ನುತ್ತಲೇ ಇದ್ದರೆ ಸಾಮಾನ್ಯವಾಗಿ ಆಗುವುದಿಷ್ಟು: ಡಬ್ಬಿ ಬಿಚ್ಚಿ ಒಳಗಿನ ಎರಡು ದೊಡ್ಡ ಕೆಪಾಸಿಟರ್ ಕಿತ್ತು ಹೊಸದು ಹಾಕುತ್ತಾರೆ. ಆ ಗುಂಯ್ ಸದ್ದು, ಅಂದರೆ ಹಮ್, ಹೋದರೆ ಸರಿ. ಹೋಗದಿದ್ದರೆ ಐಸಿ, ಅದಕ್ಕೂ ಬಗ್ಗದಿದ್ದರೆ ಟ್ರಾನ್ಸ್‌ಫಾರ್ಮರ್. ಕೊನೆಗೆ ಯಾರೋ ಟಿ.ವಿ. ಹಿಂದಿನ ಡಿಶ್ ಕೇಬಲ್ ಬಿಚ್ಚಿದ ಕೂಡಲೇ ಎಲ್ಲ ತಣ್ಣಗೆ. ಹಮ್ ಎಲ್ಲಿಂದ ಒಳಗೆ ಬರುತ್ತಿದೆ ಎಂದು ಗೊತ್ತಾಗುವ ತನಕ ಸೋಲ್ಡರಿಂಗ್ ಐರನ್ ಕಾಯಿಸಲೇಬೇಡಿ. ಗೊತ್ತುಮಾಡಿಕೊಳ್ಳಲು ಐದು ನಿಮಿಷ ಮತ್ತು ಒಂದು ಹಳೆಯ ಆರ್‌ಸಿಎ ಪಿನ್ (ಆಡಿಯೊ ಕೇಬಲ್ ತುದಿಯ ದುಂಡು ಪಿನ್) ಸಾಕು.

ಆ ಪಿನ್ನಿನ ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ಒಂದು ತುಂಡು ವೈರ್ ಬೆಸೆದು ಶಾರ್ಟ್ ಮಾಡಿಟ್ಟುಕೊಳ್ಳಿ. ಸಬ್‌ವೂಫರ್ ಆಫ್ ಮಾಡಿ, ಹಿಂದಿನ ಇನ್‌ಪುಟ್ ಕೇಬಲ್‌ಗಳನ್ನೆಲ್ಲ ಕಿತ್ತು, ಈ ಶಾರ್ಟ್ ಪಿನ್ ಚುಚ್ಚಿ ಆನ್ ಮಾಡಿ. ಬರೀ ಕೇಬಲ್ ಕಿತ್ತು ನೋಡಿದರೆ ಸಾಲದು, ತೆರೆದ ಇನ್‌ಪುಟ್ ತಾನೇ ಆಂಟೆನಾದಂತೆ ಹಮ್ ಹಿಡಿಯುತ್ತದೆ. ಶಾರ್ಟ್ ಪಿನ್ ಹಾಕಿದಾಗ ಸದ್ದು ನಿಂತರೆ ಆಂಪ್ಲಿಫೈಯರ್ ನಿರಪರಾಧಿ. ತೊಂದರೆ ಕೇಬಲ್, ಟಿ.ವಿ. ಅಥವಾ ಅರ್ತ್‌ನದ್ದು. ನಿಲ್ಲದಿದ್ದರೆ ವಾಲ್ಯೂಮ್ ತಿರುಗಿಸಿ. ವಾಲ್ಯೂಮ್ ಜೊತೆ ಹಮ್ ಏರಿಳಿದರೆ ಅದು ಹುಟ್ಟುತ್ತಿರುವುದು ವಾಲ್ಯೂಮ್ ಕಂಟ್ರೋಲ್‌ಗಿಂತ ಹಿಂದೆ, ಅಂದರೆ ಬ್ಲೂಟೂತ್-ಯುಎಸ್‌ಬಿ ಬೋರ್ಡ್ ಅಥವಾ ಪ್ರಿಆಂಪ್ (ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗ) ಕಡೆ. ಸೊನ್ನೆಗಿಳಿಸಿದರೂ ಅಷ್ಟೇ ಇದ್ದರೆ ಅದರ ಮುಂದೆ: ಪವರ್ ಸಪ್ಲೈ, ಪವರ್ ಐಸಿ, ಗ್ರೌಂಡ್ ವೈರಿಂಗ್. ಸ್ಪೀಕರ್ ವೈರ್ ಬಿಚ್ಚಿದ ಮೇಲೂ ಸದ್ದು ಕೇಳಿಸಿದರೆ ಅದು ಟ್ರಾನ್ಸ್‌ಫಾರ್ಮರ್ ಪಟ್ಟಿಗಳ ಅದುರಾಟ. ಸ್ಕ್ರೂ ಬಿಗಿ ಮಾಡಿ, ಕೆಳಗೆ ರಬ್ಬರ್ ವಾಷರ್ ಕೊಟ್ಟರೆ ಬಹುಪಾಲು ಅಡಗುತ್ತದೆ.

ಸದ್ದಿನ ಸ್ವರವೂ ಸುಳಿವು ಕೊಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಕೇಬಲ್‌ನಿಂದಲೋ ಅರ್ತ್‌ನಿಂದಲೋ ಬರುವ ಹಮ್ 50ರದ್ದು, ಹೊಟ್ಟೆಯೊಳಗೆ ಗುಡುಗಿದಂತೆ. ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ದಾಟಿ ಬಂದದ್ದು 100ರದ್ದು, ಸ್ವಲ್ಪ ಮೇಲಿನ ಸ್ವರ, ಕಿವಿಗೆ ಹೆಚ್ಚು ತಾಗುತ್ತದೆ. ಕಿವಿ ನಂಬಿಕೆಯಿಲ್ಲದವರು ಸ್ಪೆಕ್ಟ್ರಮ್ ತೋರಿಸುವ ಯಾವುದಾದರೂ ಮೊಬೈಲ್ ಆ್ಯಪ್ ತೆರೆದು ಸ್ಪೀಕರ್ ಕೋನ್ ಹತ್ತಿರ ಹಿಡಿಯಲಿ. ಗೆರೆ ಎಷ್ಟು ಎತ್ತರ ಎನ್ನುವುದನ್ನು ಬಿಡಿ, ಮೊಬೈಲ್ ಮೈಕಿಗೆ ತಗ್ಗು ಸ್ವರ ಸರಿಯಾಗಿ ಕೇಳಿಸದು. ಎಲ್ಲಿ ಎದ್ದಿದೆ ಎಂದಷ್ಟೇ ನೋಡಿ. ಒಂದು ಮೋಸ ಮಾತ್ರ ಇದೆ: ಬ್ರಿಡ್ಜ್‌ನ ನಾಲ್ಕು ಡಯೋಡ್‌ಗಳಲ್ಲಿ ಒಂದು ಓಪನ್ ಆದರೆ ಸಪ್ಲೈ ಹಮ್ ಕೂಡ 50ಕ್ಕೆ ಇಳಿಯುತ್ತದೆ.

ಮೊದಲು ಹೊರಗಿನಿಂದ ಬರುವ ಹಮ್ ನೋಡೋಣ, ಏಕೆಂದರೆ ಮಲೆನಾಡಿನ ಮನೆಗಳಲ್ಲಿ ಇದರದ್ದೇ ಪಾರುಪತ್ಯ. ಡಿಶ್ ಕೂತಿರುವುದು ತಾರಸಿಯ ಮೇಲಿನ ಕಬ್ಬಿಣದ ಕಂಬದಲ್ಲಿ. ಕೇಬಲ್‌ನ ಹೊರಜಾಲರಿ ಅಲ್ಲಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿ.ವಿ.ಗೆ, ಆರ್‌ಸಿಎ ಕೇಬಲ್ ಮೂಲಕ ಸಬ್‌ವೂಫರ್‌ಗೆ, ಅದರ ಮೂರು ಪಿನ್ ಪ್ಲಗ್ ಮೂಲಕ ಮನೆಯ ಅರ್ತ್‌ಗೆ. ಹೀಗೆ ಒಂದು ದೊಡ್ಡ ಕುಣಿಕೆ. ಕುಣಿಕೆಯ ಎರಡು ತುದಿ ಬೇರೆ ಬೇರೆ ಜಾಗದಲ್ಲಿ ಭೂಮಿ ಮುಟ್ಟಿದರೆ ಅವುಗಳ ನಡುವಿನ ಒಂದೆರಡು ವೋಲ್ಟ್ ವ್ಯತ್ಯಾಸವೇ ಜಾಲರಿಯಲ್ಲಿ ಕರೆಂಟಾಗಿ ಹರಿದು ಹಾಡಿನ ಜೊತೆ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಇಲ್ಲದ ಹಮ್ ಜೂನ್ ಹಿಡಿದ ಮೇಲೆ ಶುರುವಾಯಿತು ಎಂದರೆ ಮೊದಲ ಅನುಮಾನ ಇಲ್ಲೇ ಇರಲಿ: ಒಣಗಿದ್ದ ಗೋಡೆ ನೆನೆದು ಕಂಬಕ್ಕೆ ಹೊಸದಾಗಿ ಅರ್ತ್ ಸಿಕ್ಕಿರುತ್ತದೆ. ಪರೀಕ್ಷೆ ಸುಲಭ, ಬಾಕ್ಸ್ ಹಿಂದಿನ ಡಿಶ್ ಕೇಬಲ್ ತಿರುಗಿಸಿ ಬಿಚ್ಚಿ. (ಗುಡುಗು ಇರುವಾಗ ಮುಟ್ಟಬೇಡಿ. ಏಪ್ರಿಲ್-ಮೇ ಸಂಜೆಗಳಲ್ಲಿ ಈ ಕೇಬಲ್ ಮೊದಲೇ ಬಿಚ್ಚಿಟ್ಟಿರುವುದು ಹೇಗೂ ಒಳ್ಳೆಯದು.)

ಇದಕ್ಕೆ ನೇರ ಪರಿಹಾರ ಡಿಶ್ ಕಂಬವನ್ನು ಮನೆಯ ಅರ್ತ್ ಗುಂಡಿಗೇ ದಪ್ಪ ವೈರ್‌ನಲ್ಲಿ ಸೇರಿಸುವುದು. ಅದಾಗದಿದ್ದರೆ ಆರ್‌ಸಿಎ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬಹುದು. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಬಿಟ್ಟರೆ ಬೇರೇನೂ ಇಲ್ಲ. ಆದರೆ ಅಗ್ಗದ ಐಸೊಲೇಟರ್‌ನ ಕೋರ್ ಚಿಕ್ಕದು, ತೀರಾ ಕೆಳಗಿನ ಬಾಸ್ ಅಲ್ಲೇ ಸೋರಿಹೋಗುತ್ತದೆ. ಸಬ್‌ವೂಫರ್ ಕೊಂಡದ್ದೇ ಅದಕ್ಕಾಗಿ ತಾನೆ. ಟಿ.ವಿ.ಯಲ್ಲಿ ಆಪ್ಟಿಕಲ್ ಔಟ್ ಇದ್ದರೆ ಆಪ್ಟಿಕಲ್ ಕೇಬಲ್ ಎಳೆದು, ಸಬ್‌ವೂಫರ್ ಬಳಿ ಅದನ್ನು ಆಡಿಯೊಗೆ ತಿರುಗಿಸುವ ಪುಟ್ಟ ಡಬ್ಬಿ ಇಡುವುದೇ ಮೇಲು. ಬೆಳಕಿನ ಕೇಬಲ್‌ನಲ್ಲಿ ಹಮ್‌ಗೆ ದಾರಿಯೇ ಇಲ್ಲ.

ಮೊಬೈಲನ್ನು ಆಕ್ಸ್ ಕೇಬಲ್‌ಗೆ ಹಾಕಿ ಅದೇ ಹೊತ್ತಿಗೆ ಚಾರ್ಜ್ ಮಾಡಿದಾಗ ಬರುವ ಕಿರ್-ಗುಂಯ್ ಕೂಡ ಇದೇ ಜಾತಿ. ಎರಡು ಪಿನ್‌ನ ಚಾರ್ಜರ್, ಸೆಟ್‌ಟಾಪ್ ಬಾಕ್ಸ್ ಒಳಗೆ ಸಣ್ಣ ಕೆಪಾಸಿಟರ್ ಮೂಲಕ ಚೂರು ಲೀಕೇಜ್ ಇದ್ದೇ ಇರುತ್ತದೆ. ಲೋಹದ ಭಾಗಕ್ಕೆ ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುವುದು, ಬೆರಳಿಗೆ ಜುಮ್ಮೆನ್ನುವುದು ಅದರಿಂದಲೇ. ಚಾರ್ಜರ್ ಕಿತ್ತರೆ ಸದ್ದು ನಿಲ್ಲುತ್ತದೆ.

ಇಲ್ಲಿ ಬಹಳ ಮಂದಿ ಮಾಡುವ ಎರಡು ಕೆಲಸ ಮಾತ್ರ ಯಾವ ಕಾರಣಕ್ಕೂ ಬೇಡ. ಒಂದು, ಹಮ್ ಹೋಯಿತೆಂದು ಸಬ್‌ವೂಫರ್ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವುದು. ಟ್ರಾನ್ಸ್‌ಫಾರ್ಮರ್ ಶಾರ್ಟ್ ಆದ ದಿನ ಚಾಸಿ (ಡಬ್ಬಿಯ ಲೋಹದ ಮೈ) ಮೇಲೆ 230 ವೋಲ್ಟ್ ನಿಂತಿರುತ್ತದೆ. ಇನ್ನೊಂದು, ಹಳೆಯ ಹಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎರಡೇ ವೈರ್ ಓಡಿಸಿ, ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ನ್ಯೂಟ್ರಲ್‌ನಿಂದಲೇ ತುಂಡು ವೈರ್ ಕೊಟ್ಟು ಅರ್ತ್ ಎನ್ನುವುದು. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಆ ಮನೆಯ ಪ್ರತಿ ಲೋಹದ ಡಬ್ಬಿಯೂ ಫೇಸ್. ಅರ್ತ್ ಇದೆಯೋ ಇಲ್ಲವೋ ತಿಳಿಯಲು, ಇಂಥ ತುಂಡು ವೈರ್ ಇಲ್ಲವೆಂದು ಖಾತ್ರಿಮಾಡಿಕೊಂಡು (ಇದ್ದರೂ ಅಳತೆ ಸರಿಯಾಗೇ ಕಾಣುತ್ತದೆ), ಸಾಕೆಟ್ಟಿನಲ್ಲಿ ಮೀಟರ್ ಇಟ್ಟು ಅಳೆಯಿಸಿ. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಕೊನೆಯದು ಹದಿನೈದು ಇಪ್ಪತ್ತು ತೋರಿಸಿದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಗುಂಡಿ ನೋಡಿಸಿ. ಅರಸೀಕೆರೆ ಕಡೆಯ ಒಣ ನೆಲದಲ್ಲಿ ಗುಂಡಿ ಏಪ್ರಿಲ್‌ಗೆ ಪೂರ್ತಿ ಒಣಗಿ, ಇದ್ದೂ ಇಲ್ಲದಂತೆ ಆಗಿರಬಹುದು. ನೀರು ಹಾಕುತ್ತಿರಬೇಕು.

ಕೇಬಲ್ಲೇ ತಪ್ಪಿತಸ್ಥ ಆಗಿರುವುದೂ ಉಂಟು. ಆರ್‌ಸಿಎ ಪಿನ್ನಿನ ಹೊರಬಳೆಯಿಂದ ಆ ತುದಿಯ ಬಳೆಗೆ ಮೀಟರ್‌ನಲ್ಲಿ ಒಂದು ಓಮ್ ಒಳಗೆ ಬರಬೇಕು, ಕೇಬಲ್ ಅಲ್ಲಾಡಿಸಿದಾಗಲೂ. ಜಾಲರಿ ಕಡಿದಿದ್ದರೆ ಹಮ್ ಕಿವಿ ಗಡಚಿಕ್ಕುವಷ್ಟು ಜೋರು. ಮಳೆಗಾಲ ಎರಡು ಕಂಡ ಸಾಕೆಟ್‌ಗೆ ಹಸಿರು ಕಿಲುಬು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಪೆಟ್ರೋಲ್ ಬೇಡ.

ಈಗ ಡಬ್ಬಿ ಒಳಗೆ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳನ್ನು 100 ಓಮ್ 5 ವ್ಯಾಟ್ ರೆಸಿಸ್ಟರ್‌ನಿಂದ ಡಿಸ್ಚಾರ್ಜ್ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸುವ ಚಾಳಿಯಿಂದ ಬೋರ್ಡಿನ ತಾಮ್ರದ ಪಟ್ಟಿ ಏಳುತ್ತದೆ.

ವಾಲ್ಯೂಮ್‌ಗೆ ಬಗ್ಗದ 100 ಹರ್ಟ್ಸ್ ಹಮ್ ಆದರೆ ಡಿಸಿಯನ್ನು ಸಮ ಮಾಡುವ ಈ ದೊಡ್ಡ ಫಿಲ್ಟರ್ ಕೆಪಾಸಿಟರ್ ಮೇಲಿನ ಅನುಮಾನ ನ್ಯಾಯವೇ. ಲೆಕ್ಕ ಹೀಗೆ: ಎಳೆಯುವ ಕರೆಂಟನ್ನು 100ರಿಂದಲೂ ಕೆಪಾಸಿಟರ್‌ನ ಫ್ಯಾರಡ್‌ನಿಂದಲೂ ಭಾಗಿಸಿದರೆ ಸಿಗುವುದು ರಿಪಲ್ ವೋಲ್ಟೇಜ್, ಅಂದರೆ ಡಿಸಿಯಲ್ಲಿ ಉಳಿದ ಏರಿಳಿತ. ಸುಮ್ಮನೆ ಆನ್ ಇರುವಾಗ 0.1 ಆಂಪಿಯರ್ ಎಳೆಯುವ ಸೆಟ್‌ಗೆ 4700 ಮೈಕ್ರೋಫ್ಯಾರಡ್ ಇದ್ದರೆ ರಿಪಲ್ ಸುಮಾರು 0.2 ವೋಲ್ಟ್. ಅದೇ ಕೆಪಾಸಿಟರ್ ಬಿಸಿಗೆ ಒಣಗಿ 1000ಕ್ಕೆ ಇಳಿದಿದ್ದರೆ 1 ವೋಲ್ಟ್. ನೋಡಲು ತಲೆ ಉಬ್ಬಿರಲೇಬೇಕೆಂದಿಲ್ಲ. ಕಿತ್ತುಹಾಕುವ ಮೊದಲು ಅದೇ ಬೆಲೆಯ ಒಳ್ಳೆಯದೊಂದನ್ನು ಪ್ಲಸ್-ಮೈನಸ್ ನೋಡಿ ಮೇಲಿಂದ ಸಮಾನಾಂತರವಾಗಿ ಬೆಸೆದು ಆನ್ ಮಾಡಿ. ಹಮ್ ಅರ್ಧಕ್ಕಿಂತ ಬಹಳ ಕೆಳಗೆ ಇಳಿದರೆ ಬದಲಿಸಿ, ಅಷ್ಟು ಇಳಿಯದಿದ್ದರೆ ಹಳೆಯದನ್ನು ಬಿಟ್ಟುಬಿಡಿ (ಸರಿಯಿರುವ ಕೆಪಾಸಿಟರ್ ಮೇಲೆ ಇನ್ನೊಂದು ಬೆಸೆದರೂ ರಿಪಲ್ ಅರ್ಧವಾಗುತ್ತದೆ). ಹಳದಿ ಬಣ್ಣದ ಅಗ್ಗದ ಮೀಟರನ್ನು ಎಸಿಗೆ ತಿರುಗಿಸಿ ಕೆಪಾಸಿಟರ್ ಮೇಲೆ ಇಟ್ಟು ರಿಪಲ್ ಓದಬೇಡಿ. ಅದು ಡಿಸಿಯನ್ನೂ ಎಸಿ ಎಂದೇ ತೋರಿಸುತ್ತದೆ.

ಹೊಸದು ಕೊಳ್ಳುವಾಗ 105 ಡಿಗ್ರಿಯದ್ದೇ ಕೇಳಿ. 24-0-24 ಟ್ರಾನ್ಸ್‌ಫಾರ್ಮರ್‌ಗೆ ಪ್ರತಿ ಕಡೆ ಸುಮಾರು 33 ವೋಲ್ಟ್ ಡಿಸಿ ಬರುತ್ತದೆ, ರಾತ್ರಿ ಲೈನ್ 250 ಆದಾಗ ಇನ್ನೂ ಮೇಲೆ. 35 ವೋಲ್ಟಿನದ್ದು ಹಾಕಿದರೆ ಅದು ಉಬ್ಬುವುದು ಖಾತ್ರಿ, 50 ವೋಲ್ಟಿನದ್ದೇ ಬೇಕು. 4700 ಇದ್ದ ಕಡೆ 10000 ತುರುಕಿದರೆ ಆನ್ ಮಾಡಿದ ಕ್ಷಣದ ಹೊಡೆತ 3 ಆಂಪಿಯರ್‌ನ 5408 ಡಯೋಡ್‌ಗಳ ಮೇಲೆ ಬೀಳುತ್ತದೆ.

ದೊಡ್ಡ ಕೆಪಾಸಿಟರ್ ಸರಿಯಿದ್ದೂ 100 ಹರ್ಟ್ಸ್ ಹಮ್ ಹೋಗದ ಟಿಡಿಎ 2030 (ಒಂದು ಪವರ್ ಐಸಿ) ಬೋರ್ಡ್‌ಗಳಿವೆ. ಮೈನಸ್ ವೋಲ್ಟೇಜ್ ಇಲ್ಲದ ಸಿಂಗಲ್ ಸಪ್ಲೈ ಬೋರ್ಡ್ ಆದರೆ ಐಸಿಯ ಇನ್‌ಪುಟ್ ಹತ್ತಿರ ಎರಡು 100 ಕೆ ರೆಸಿಸ್ಟರ್ ಸೇರುವ ಕಡೆಯಿಂದ ಗ್ರೌಂಡ್‌ಗೆ 22 ಅಥವಾ 47 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಇರುತ್ತದೆ. ಹೀಟ್‌ಸಿಂಕ್ ಪಕ್ಕವೇ ಕೂತು ಅದು ಒಣಗಿದರೆ ಸಪ್ಲೈನ ರಿಪಲ್ ನೇರ ಇನ್‌ಪುಟ್‌ಗೆ. ಎರಡು ಮೂರು ರೂಪಾಯಿಯ ಸಾಮಾನು, ಯಾರ ಕಣ್ಣಿಗೂ ಬೀಳದು.

ಡಿಸೆಂಬರ್-ಜನವರಿಯಲ್ಲಿ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಗಳಿಂದ ಬರುವ ದೂರಿಗೆ ಬೇರೆಯದೇ ಲಕ್ಷಣ: ಬೆಳಿಗ್ಗೆ ಹಮ್ ಇಲ್ಲ, ಸಂಜೆ ಮಾತ್ರ. ಕೊಯ್ದ ಕಾಫಿ ಹಣ್ಣು ಕಣಕ್ಕೆ ಬಂದು ಸಿಪ್ಪೆ ಸುಲಿಯುವ ಪಲ್ಪರ್ ಮೋಟರ್‌ಗಳು ಶುರುವಾದಾಗ ಲೈನಿನ ತುದಿಯ ಮನೆಗೆ 180 ವೋಲ್ಟ್ ಸಿಕ್ಕರೆ ಹೆಚ್ಚು. ತಗ್ಗು ಸ್ವರ ಮಾತ್ರ ಬಿಡುವ ಸಬ್‌ವೂಫರ್‌ನ ಲೋಪಾಸ್ ಫಿಲ್ಟರ್ ಬೋರ್ಡಿನ 4558 ಐಸಿಗೆ 7812, 7912 (ಪ್ಲಸ್ 12, ಮೈನಸ್ 12 ವೋಲ್ಟಿನ) ರೆಗ್ಯುಲೇಟರ್‌ಗಳು ಕರೆಂಟ್ ಕೊಡುತ್ತವೆ. 12-0-12 ಟ್ರಾನ್ಸ್‌ಫಾರ್ಮರ್ ಇದ್ದರೆ 230ರಲ್ಲಿ ಪ್ರತಿ ಕಡೆ 16 ವೋಲ್ಟ್ ಡಿಸಿ. 180ರಲ್ಲಿ ಅದು 12.6. 12 ವೋಲ್ಟ್ ಹೊರಗೆ ಬರಲು 7812ಕ್ಕೆ ಒಳಗೆ ಕನಿಷ್ಠ 14 ಬೇಕು. ಅಷ್ಟು ಸಿಗದಾಗ ರೆಗ್ಯುಲೇಟರ್ ಕೈಚೆಲ್ಲಿ ರಿಪಲ್ ಇದ್ದ ಹಾಗೇ ದಾಟಿಬಿಡುತ್ತದೆ. ಇದಕ್ಕೆ 7809, 7909 ಹಾಕಿದರೆ ಮುಗಿಯಿತು: 7809ರ ಕಾಲುಗಳ ಕ್ರಮ 7812ರದ್ದೇ, 7909ರದ್ದು 7912ರದ್ದೇ, 4558ಗೆ ಪ್ಲಸ್-ಮೈನಸ್ 9 ವೋಲ್ಟ್ ಧಾರಾಳ. ಅದೇ 12 ವೋಲ್ಟಿನಿಂದ ರಿಲೇ ಅಥವಾ ಬ್ಲೂಟೂತ್ ಬೋರ್ಡ್ ಓಡುತ್ತಿದೆಯೇ ಎಂದು ಮೊದಲು ನೋಡಿ, ಓಡುತ್ತಿದ್ದರೆ ಈ ಉಪಾಯ ನಡೆಯದು. ವೋಲ್ಟೇಜ್ ದೂರಿಗೆ ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಎರಡಕ್ಕೂ 1912. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗಷ್ಟೇ ಬರುವ ಜೇನುಗೂಡಿನಂಥ ಸದ್ದಿಗೆ ಸಬ್‌ವೂಫರ್ ಬಿಚ್ಚಬೇಡಿ; ಅದು ಇನ್ವರ್ಟರ್‌ನ ಗುಣ.

ಬಿಡಿ ಬೋರ್ಡ್ ತಂದು ಕೂಡಿಸಿದ ಸೆಟ್‌ಗಳಲ್ಲಿ ಮಾತ್ರ ನಾನು ಮೊದಲು ನೋಡುವುದು ಗ್ರೌಂಡ್ ವೈರ್. ಗ್ರೌಂಡ್ ಎಲ್ಲಿ ಸೇರಿಸಿದರೇನು ಎಂಬ ಉದಾಸೀನ ಇಲ್ಲಿ ದುಬಾರಿ. ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪ್‌ನಿಂದ (ನಡುವಿನ ಸೊನ್ನೆ ವೈರ್) ಕೆಪಾಸಿಟರ್‌ಗಳ ನಡುವಿನ ಬಿಂದುವಿಗೆ ಹೋಗುವ ವೈರ್‌ನಲ್ಲಿ ಕರೆಂಟ್ ಸಮನಾಗಿ ಹರಿಯದು, ಸೆಕೆಂಡಿಗೆ 100 ಸಲ ಏಟು ಹೊಡೆದಂತೆ ನುಗ್ಗುತ್ತದೆ. ಹತ್ತು ಸೆಂಟಿಮೀಟರ್ ಸಣ್ಣ ವೈರ್ ಅಂದರೆ ಸುಮಾರು 9 ಮಿಲಿಓಮ್. 1 ಆಂಪಿಯರ್ ಏಟಿಗೆ ಅದರ ಎರಡು ತುದಿಯ ನಡುವೆ 9 ಮಿಲಿವೋಲ್ಟ್. ಇನ್‌ಪುಟ್ ಗ್ರೌಂಡನ್ನು ಈ ವೈರಿಗೆ ಸಿಕ್ಕಿಸಿದ್ದರೆ ಆಂಪ್ಲಿಫೈಯರ್ ಅದನ್ನು ಹಾಡೆಂದೇ ತಿಳಿದು 30 ಪಟ್ಟು ಹಿಗ್ಗಿಸಿ, ಸ್ಪೀಕರ್‌ಗೆ ಕಾಲು ವೋಲ್ಟಿಗಿಂತ ಹೆಚ್ಚು ಹಮ್ ಕಳಿಸುತ್ತದೆ. ಸೆಂಟರ್ ಟ್ಯಾಪ್ ಮೊದಲು ಎರಡು ಕೆಪಾಸಿಟರ್ ಸೇರುವ ಬಿಂದುವಿಗೆ ಬರಲಿ. ಅಲ್ಲಿಂದ ಒಂದಿಂಚು ಉದ್ದದ ದಪ್ಪ ವೈರ್ ಮುಂದಕ್ಕೆ ಎಳೆದು ಆ ತುದಿಗೆ ಬೋರ್ಡ್ ಗ್ರೌಂಡ್, ಸ್ಪೀಕರ್ ಮೈನಸ್ ಎಲ್ಲ ಬೇರೆ ಬೇರೆ ವೈರ್‌ನಲ್ಲಿ ಸೇರಲಿ. ಆರ್‌ಸಿಎ ಸಾಕೆಟ್ ಚಾಸಿಗೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಇರಲಿ. ಈ ತುದಿಯಿಂದ ಚಾಸಿಗೆ 10 ಓಮ್ ರೆಸಿಸ್ಟರ್, ಅದರ ಮೇಲೆ 0.1 ಮೈಕ್ರೋಫ್ಯಾರಡ್. ಪ್ಲಗ್ಗಿನ ಅರ್ತ್ ವೈರ್ ಮಾತ್ರ ನೇರ ಚಾಸಿಗೆ ಸ್ಕ್ರೂನಲ್ಲಿ, ಮಧ್ಯೆ ಏನೂ ಇಲ್ಲದೆ.

ವಾಲ್ಯೂಮ್ ಕಂಟ್ರೋಲ್‌ನ ಲೋಹದ ಮೈ ಮುಟ್ಟಿದಾಗ ಹಮ್ ಇಳಿದರೆ ಅದರ ಮೈಗೆ ಗ್ರೌಂಡ್ ಇಲ್ಲ. ಜೋರು ಹಮ್ ಇದ್ದು ವಾಲ್ಯೂಮ್ ಪೂರ್ತಿ ಇಳಿಯದಿದ್ದರೆ ಗ್ರೌಂಡ್ ಕಾಲಿನ ಬೆಸುಗೆ ಬಿಟ್ಟಿದೆ.

ಇದ್ದಕ್ಕಿದ್ದಂತೆ ಧಡ್ ಎಂದು ಭಾರಿ ಹಮ್ ಬಂದು ಕೋನ್ ಮುಂದಕ್ಕೋ ಹಿಂದಕ್ಕೋ ತಳ್ಳಿ ನಿಂತಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ತಕ್ಷಣ ಪ್ಲಗ್ ಕೀಳಿ. ಐಸಿ ಅಥವಾ 5200-1943 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿಯಲ್ಲಿ ಒಂದು ಶಾರ್ಟ್ ಆಗಿ ಸಪ್ಲೈ ಪೂರ್ತಿ ಸ್ಪೀಕರ್ ಮೇಲಿದೆ. ಹತ್ತು ಸೆಕೆಂಡ್ ತಡವಾದರೂ ವಾಯ್ಸ್ ಕಾಯಿಲ್ ಸುಟ್ಟ ವಾಸನೆ ಬರುತ್ತದೆ.

ರಿಪೇರಿ ಯಾವುದೇ ಇರಲಿ, ಮೊದಲ ಸಲ ಆನ್ ಮಾಡುವಾಗ ಸ್ಪೀಕರ್ ಇಲ್ಲದೆ, 60 ವ್ಯಾಟ್ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡ್ (ಕರೆಂಟು ಬಲ್ಬ್ ದಾಟಿಯೇ ಸೆಟ್‌ಗೆ ಹೋಗುವ ಬೋರ್ಡ್) ಮೂಲಕ. ಬಲ್ಬ್ ಒಮ್ಮೆ ಮಿಂಚಿ ಮಂಕಾಗಬೇಕು. ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಮಂಕಾದ ಮೇಲೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ, 50 ಮಿಲಿವೋಲ್ಟ್ ಒಳಗಿದ್ದರೆ ಆಫ್ ಮಾಡಿ ಸ್ಪೀಕರ್ ಜೋಡಿಸಿ. ನಂತರ ಶಾರ್ಟ್ ಪಿನ್ ಹಾಕಿ ಕೇಳಿ. ಆಮೇಲೆ ಒಂದೊಂದೇ: ಆರ್‌ಸಿಎ ಕೇಬಲ್, ಟಿ.ವಿ., ಸೆಟ್‌ಟಾಪ್ ಬಾಕ್ಸ್. ಎಲ್ಲಕ್ಕಿಂತ ಕೊನೆಗೆ ಡಿಶ್ ಕೇಬಲ್.