ಹೊರಗುತ್ತಿಗೆ: ಕೆಲಸ ಸರ್ಕಾರದ್ದು, ನೌಕರರು ಯಾರವರು?

ತಾಲ್ಲೂಕು ಆಸ್ಪತ್ರೆಗೆ ಹೋದರೆ ಚೀಟಿ ಬರೆದುಕೊಡುವವರು, ವಾರ್ಡ್ ಗುಡಿಸುವವರು, ಗೇಟಿನಲ್ಲಿ ನಿಂತ ಸೆಕ್ಯುರಿಟಿ, ಹಾಸ್ಟೆಲ್‌ಗೆ ಹೋದರೆ ಅಡುಗೆಯವರು, ಸರ್ಕಾರಿ ಕಚೇರಿಗೆ ಹೋದರೆ ಕಂಪ್ಯೂಟರ್ ಆಪರೇಟರ್. ನಮ್ಮ ಕಣ್ಣಿಗೆ ಇವರೆಲ್ಲ ಸರ್ಕಾರಿ ನೌಕರರೇ. ಆದರೆ ಇವರಲ್ಲಿ ಬಹಳ ಮಂದಿಯ ಹೆಸರು ಸರ್ಕಾರದ ಯಾವ ಸೇವಾ ಪುಸ್ತಕದಲ್ಲೂ ಇರುವುದಿಲ್ಲ. ಇವರು ಹೊರಗುತ್ತಿಗೆಯವರು. ಈ ಪದ ಪೇಪರಿನಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಹೆಚ್ಚಾಗಿ ಧರಣಿಯ ಸುದ್ದಿಯಲ್ಲಿ, ಇಲ್ಲವೇ ತಿಂಗಳುಗಟ್ಟಲೆ ಸಂಬಳ ಆಗಿಲ್ಲ ಅನ್ನುವ ಸುದ್ದಿಯಲ್ಲಿ.

ವ್ಯವಸ್ಥೆ ಹೀಗಿದೆ. ಇಲಾಖೆಗೆ ಜನ ಬೇಕು. ಹುದ್ದೆ ತುಂಬಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಅಧಿಸೂಚನೆ, ಪರೀಕ್ಷೆ, ಪಟ್ಟಿ ಎಲ್ಲ ಆಗಬೇಕು. ಅಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ಅದರ ಬದಲು ಜನರನ್ನು ಒದಗಿಸಲು ಟೆಂಡರ್ ಕರೆಯುತ್ತಾರೆ. ಒಂದು ಏಜೆನ್ಸಿ ಟೆಂಡರ್ ಗೆದ್ದು ಜನರನ್ನು ಕಳಿಸುತ್ತದೆ. ಕೆಲಸ ಹೇಳುವುದು ಇಲಾಖೆಯ ಅಧಿಕಾರಿ, ಹಾಜರಿ ಹಾಕುವುದು ಇಲಾಖೆಯ ಪುಸ್ತಕದಲ್ಲಿ, ಸಂಬಳ ಹಾಕುವುದು ಮಾತ್ರ ಏಜೆನ್ಸಿ. ಕಾಗದದ ಮೇಲೆ ಏಜೆನ್ಸಿಯೇ ಮಾಲೀಕ.

ಅಕ್ಕಪಕ್ಕದ ಬೇರೆ ಪದಗಳ ಜೊತೆ ಇದನ್ನು ಬೆರೆಸಬಾರದು. ಇಲಾಖೆಯೇ ನೇರವಾಗಿ ಕರಾರು ಮಾಡಿಕೊಂಡರೆ ಅದು ಬರೀ ಗುತ್ತಿಗೆ. ಅಂಗನವಾಡಿ, ಆಶಾ ಕಾರ್ಯಕರ್ತೆಯರದು ಗೌರವಧನದ ಲೆಕ್ಕ, ಅದು ಬೇರೆಯೇ ಕಥೆ. ಹೊರಗುತ್ತಿಗೆಯ ಗುರುತು ನಡುವೆ ಇರುವ ಆ ಮೂರನೆಯವನು.

ಬಹಳ ಜನ ಇದನ್ನು ತಾತ್ಕಾಲಿಕ ಕೆಲಸ ಅಂದುಕೊಂಡಿದ್ದಾರೆ. ಆಸ್ಪತ್ರೆಯ ವಾರ್ಡ್ ಗುಡಿಸುವುದು ತಾತ್ಕಾಲಿಕ ಕೆಲಸವೇ? ಆಸ್ಪತ್ರೆ ಇರುವವರೆಗೂ ಅದನ್ನು ದಿನಾ ಗುಡಿಸಲೇಬೇಕು. ಕೆಲಸ ಖಾಯಂ, ಮಾಡುವವರು ಮಾತ್ರ ಖಾಯಂ ಅಲ್ಲ. ಹತ್ತು ಹದಿನೈದು ವರ್ಷ ಒಂದೇ ಕಚೇರಿಯ ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡಿದವರಿದ್ದಾರೆ. ಈ ಅವಧಿಯಲ್ಲಿ ಅವರ 'ಮಾಲೀಕ' ಎಷ್ಟೋ ಸಲ ಬದಲಾಗಿರುತ್ತಾನೆ.

ಹಾಗೆ ಬದಲಾಗುವುದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೈಗೆ ಬರುವ ಇಡಿಗಂಟು, ಸಿಗಲು ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಐದು ವರ್ಷ ಸತತ ಸೇವೆ ಆಗಿರಬೇಕು. ಟೆಂಡರ್ ಅವಧಿ ಒಂದೋ ಎರಡೋ ವರ್ಷ. ಹೊಸ ಏಜೆನ್ಸಿ ಬಂದ ದಿನ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ. ಕೂತ ಜಾಗ ಅದೇ, ಸಾಹೇಬರೂ ಅವರೇ, ಆದರೆ ಇಪ್ಪತ್ತು ವರ್ಷ ದುಡಿದರೂ ಕಾಗದದಲ್ಲಿ ಐದು ವರ್ಷ ತುಂಬುವುದೇ ಇಲ್ಲ. ಹೆರಿಗೆ ರಜೆಯದೂ ಇಂಥದೇ ಪಾಡು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯಲ್ಲಿ 26 ವಾರಗಳ ಹೆರಿಗೆ ಸೌಲಭ್ಯವಿದೆ. ಆದರೆ ಅದಕ್ಕೆ ಹಿಂದಿನ ಅವಧಿಯಲ್ಲಿ ಕನಿಷ್ಠ 70 ದಿನಗಳ ವಂತಿಗೆ ಕಟ್ಟಿರಬೇಕು. ಏಜೆನ್ಸಿ ಕಟ್ಟದೇ ಬಿಟ್ಟರೆ ಅದು ಗೊತ್ತಾಗುವುದು ಆಸ್ಪತ್ರೆಯ ಬಾಗಿಲಲ್ಲಿ.

ಇನ್ನು ದುಡ್ಡಿನ ಲೆಕ್ಕ. ತಿಂಗಳ ಕೂಲಿ 15,000 ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳೋಣ. ನೌಕರರ ಪಾಲಿನ ಪಿಎಫ್ ಶೇ 12, ಅಂದರೆ 1,800. ಇಎಸ್‌ಐ ಶೇ 0.75, ಅಂದರೆ 112 ರೂಪಾಯಿ 50 ಪೈಸೆ. ಕೈಗೆ ಬರುವುದು ಸುಮಾರು 13,087. ಮಾಲೀಕರ ಪಾಲು ಬೇರೆ: ಪಿಎಫ್ ಶೇ 12, ಇಎಸ್‌ಐ ಶೇ 3.25. ಎರಡೂ ಸೇರಿ 2,287 ರೂಪಾಯಿ 50 ಪೈಸೆ. ಇದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ. ಕೂಲಿಯೂ ಸೇರಿ ಆದ ಒಟ್ಟು ಬಿಲ್ಲಿನ ಮೇಲೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ, ಕೆಲವು ಸೇವೆಗಳಿಗೆ ವಿನಾಯಿತಿ ಉಂಟು. ಜಿಎಸ್‌ಟಿ ಬೀಳುವ ಕಡೆ ಇಲಾಖೆಯ ಖರ್ಚು 20,000 ದಾಟುತ್ತದೆ, ಮನೆಗೆ ಹೋಗುವುದು 13,000. ಖರ್ಚು ಉಳಿಸಲು ಅಂತ ತಂದ ವ್ಯವಸ್ಥೆ ಇದು ಅಲ್ವಾ? ಉಳಿತಾಯ ಆಗುವುದಾದರೆ ಅದು ಖಾಯಂ ನೌಕರರ ವೇತನ ಶ್ರೇಣಿ, ಬಡ್ತಿ, ರಜೆ ಕೊಡದೇ ಇರುವುದರಿಂದ.

ಟೆಂಡರ್ ಅಂದಮೇಲೆ ಕಡಿಮೆ ಹೇಳಿದವರಿಗೇ ಸಿಗುತ್ತದೆ. ಸೇವಾ ಶುಲ್ಕವನ್ನು ತೀರಾ ಕೆಳಗೆ ಇಳಿಸಿ ಬರೆಯುವವರೂ ಇದ್ದಾರೆ. ಧರ್ಮಕ್ಕೆ ಯಾರೂ ಏಜೆನ್ಸಿ ನಡೆಸುವುದಿಲ್ಲ. ಹಾಗಾದರೆ ಲಾಭ ಎಲ್ಲಿಂದ? ಮಾಲೀಕರ ಪಾಲಿನ ಪಿಎಫ್ ಅನ್ನೂ ನೌಕರರ ಕೂಲಿಯಿಂದಲೇ ಹಿಡಿಯುತ್ತಾರೆ, ಕೆಲಸಕ್ಕೆ ಸೇರಿಸಿಕೊಳ್ಳುವಾಗ 'ಡಿಪಾಸಿಟ್' ಕೇಳುತ್ತಾರೆ ಅನ್ನುವುದು ಕಾರ್ಮಿಕ ಸಂಘಟನೆಗಳ ಹಳೆಯ ದೂರು. ಎಲ್ಲರೂ ಹೀಗೇ ಅಂತ ನಾನು ಹೇಳುವುದಿಲ್ಲ. ಆದರೆ ಇದಕ್ಕೆ ದಾರಿ ಮಾಡಿಕೊಟ್ಟಿರುವುದು ಟೆಂಡರಿನ ಲೆಕ್ಕಾಚಾರವೇ.

ಹಾಗಾದರೆ ಕೋರ್ಟಿಗೆ ಹೋಗಿ ಖಾಯಂ ಮಾಡಿಸಿಕೊಳ್ಳಬಹುದಲ್ಲ ಅಂತ ಕೇಳಬಹುದು. ಇಲ್ಲಿ ಕರ್ನಾಟಕದ್ದೇ ಒಂದು ದೊಡ್ಡ ಪ್ರಕರಣವಿದೆ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಕೇಸು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 2006ರ ಏಪ್ರಿಲ್ 10ರಂದು ಬಂದ, ಉಮಾದೇವಿ ತೀರ್ಪು ಎಂದೇ ಹೆಸರಾದ ಆ ತೀರ್ಪು, ಬಹಳ ವರ್ಷ ದುಡಿದಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಖಾಯಂ ಮಾಡಲಾಗದು ಎಂದಿತು. ಹಿಂಬಾಗಿಲ ನೇಮಕಾತಿಯಾದರೆ ಪರೀಕ್ಷೆ ಬರೆದು ಕಾಯುತ್ತಿರುವವರಿಗೆ ಅನ್ಯಾಯ ಎಂಬುದು ಅದರ ವಾದ. ಅದು ತಪ್ಪಲ್ಲ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಮೀರಿ ದುಡಿದವರನ್ನು ಒಂದು ಸಲಕ್ಕೆ ಪರಿಗಣಿಸಿ ಅಂತಲೂ ಅದೇ ತೀರ್ಪು ಹೇಳಿತ್ತು. ಇಲಾಖೆಗಳು ಮೊದಲ ಮಾತನ್ನು ಬಾಯಿಪಾಠ ಮಾಡಿಕೊಂಡವು, ಎರಡನೆಯದನ್ನು ಮರೆತವು. ಹೊರಗುತ್ತಿಗೆಯವರಿಗಂತೂ ಇನ್ನೂ ಕಷ್ಟ. ಅವರನ್ನು ನೇಮಿಸಿದ್ದೇ ನಾವಲ್ಲ ಅಂತ ಇಲಾಖೆ ಕೈತೊಳೆದುಕೊಳ್ಳುತ್ತದೆ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಬೇರೆ ಧಾಟಿಯ ತೀರ್ಪು ಬಂತು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಗುಡಿಸುವ, ಗಿಡ ನೋಡಿಕೊಳ್ಳುವ ಕೆಲಸಕ್ಕಿದ್ದವರನ್ನು ಬಹಳ ವರ್ಷ ದುಡಿಸಿಕೊಂಡು 2018ರಲ್ಲಿ ತೆಗೆದುಹಾಕಿದ್ದರು. ಆಮೇಲೆ ಅದೇ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟರು. ಅಂದರೆ ಆ ಕೆಲಸದ ಅಗತ್ಯ ತೀರಿರಲಿಲ್ಲ ಅಂತಲೇ ಅರ್ಥ ಎಂದ ಕೋರ್ಟು, ಅವರನ್ನು ಖಾಯಂ ಮಾಡಲು ಆದೇಶಿಸಿತು. ಉಮಾದೇವಿ ತೀರ್ಪನ್ನು ನೌಕರರ ವಿರುದ್ಧ ದುರ್ಬಳಕೆ ಮಾಡುತ್ತಿದ್ದಾರೆ ಅಂತಲೂ ಹೇಳಿತು.

ಕೋರ್ಟಿನಲ್ಲಿ ಸಿಕ್ಕಿದ್ದಕ್ಕಿಂತ ಜಾಸ್ತಿಯನ್ನು ಹೋರಾಟದಿಂದ ಗೆದ್ದುಕೊಂಡವರು ನಮ್ಮ ಪೌರಕಾರ್ಮಿಕರು. ಇವರಲ್ಲಿ ಬಹುಪಾಲು ದಲಿತರು, ಅದರಲ್ಲೂ ಹೆಂಗಸರು. ಗುತ್ತಿಗೆದಾರರ ಕೈಕೆಳಗೆ ಇದ್ದಾಗ ಸಂಬಳ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಅನ್ನುವುದಕ್ಕೆ ಲೆಕ್ಕವಿರಲಿಲ್ಲ. ವರ್ಷಗಳ ಹೋರಾಟದ ನಂತರ ಗುಡಿಸುವವರಿಗೆ 'ನೇರ ಪಾವತಿ' ಬಂತು. ಅಂದರೆ ನಡುವಿನ ಗುತ್ತಿಗೆದಾರನನ್ನು ತೆಗೆದು ಪಾಲಿಕೆಯೇ ಅವರ ಖಾತೆಗೆ ಸಂಬಳ ಹಾಕುವುದು. ಆದರೂ ಖಾಯಂ ಅಲ್ಲ. 2022ರ ಜುಲೈ ಮೊದಲ ವಾರ ರಾಜ್ಯದ ಹಲವೆಡೆ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಆ ವರ್ಷ 11,133 ಮಂದಿಯನ್ನು ಖಾಯಂ ಮಾಡಲು ಸರ್ಕಾರ ಒಪ್ಪಿತು. 2025ರ ಮೇ 1ರಂದು ಆಗಿನ ಬಿಬಿಎಂಪಿಯ (ಬೆಂಗಳೂರಿನ ಮಹಾನಗರ ಪಾಲಿಕೆ) 12,692 ಪೌರಕಾರ್ಮಿಕರಿಗೆ ನೇಮಕಾತಿ ಆದೇಶ ಸಿಕ್ಕಿತು. ಆದರೆ ಗುಡಿಸಿದ ಕಸವನ್ನು ತುಂಬಿಕೊಂಡು ಹೋಗುವ ಆಟೊ ಚಾಲಕರು, ಲೋಡರ್‌ಗಳು, ಸಹಾಯಕರು ಈ ಲೆಕ್ಕಕ್ಕೆ ಬರಲಿಲ್ಲ. ಒಂದೇ ಕಸ, ಒಂದೇ ಬೀದಿ, ಎರಡು ಜಾತಿಯ ನೌಕರರು. ಈ ಸಾಲಿನಲ್ಲಿ 'ಜಾತಿ' ಅನ್ನುವುದನ್ನು ಬೇಕೆಂದೇ ಬರೆದೆ.

ಯಾಕೆಂದರೆ ಮೀಸಲಾತಿಯ ಪ್ರಶ್ನೆಯೂ ಇಲ್ಲೇ ಇದೆ. ಖಾಯಂ ನೇಮಕಾತಿಯಾದರೆ ಯಾವ ಹುದ್ದೆ ಯಾವ ವರ್ಗಕ್ಕೆ ಅನ್ನುವ ಪಟ್ಟಿ, ಅಂದರೆ ರೋಸ್ಟರ್ ಇರುತ್ತದೆ. ಏಜೆನ್ಸಿ ತನಗೆ ಬೇಕಾದವರನ್ನು ಕಳಿಸಿದರೆ ಯಾವ ರೋಸ್ಟರ್? ಹುದ್ದೆಗಳು ಹೊರಗುತ್ತಿಗೆಗೆ ಹೋದಷ್ಟೂ ಮೀಸಲಾತಿ ಸದ್ದಿಲ್ಲದೆ ಕರಗುತ್ತದೆ. ಇದನ್ನು ಸರಿಪಡಿಸಲು ರಾಜ್ಯ ಸರ್ಕಾರ 2024ರ ಮೇ ತಿಂಗಳಲ್ಲಿ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು, ಮಹಿಳೆಯರಿಗೆ ಶೇ 33 ಕೊಡಬೇಕು ಅಂತ ಆದೇಶ ಹೊರಡಿಸಿತು. 45 ದಿನಕ್ಕಿಂತ ಕಡಿಮೆ ಅವಧಿಯ ಕೆಲಸ, 20ಕ್ಕಿಂತ ಕಡಿಮೆ ಮಂದಿ ಇರುವ ಕಡೆ ಇದು ಅನ್ವಯಿಸದು. ಒಳ್ಳೆಯ ಹೆಜ್ಜೆ. ಆದರೂ ಅಭದ್ರವಾದ ಕೆಲಸದಲ್ಲಿ ಪಾಲು ಕೊಡುವುದು ಭದ್ರವಾದ ಕೆಲಸದಲ್ಲಿ ಪಾಲು ಕೊಟ್ಟ ಹಾಗೆ ಆಗುವುದಿಲ್ಲ.

ಈಗ ಹೊಸ ಬೆಳವಣಿಗೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಇಟ್ಟುಕೊಳ್ಳಬಾರದು ಅಂತ ಅವುಗಳಲ್ಲೊಂದು ಹೇಳುತ್ತದೆ. ಆದರೆ ಕಸ ಗುಡಿಸುವುದು, ಕಾವಲು, ಕ್ಯಾಂಟೀನ್, ಸಾಮಾನು ಹೇರಿ ಇಳಿಸುವುದು ಮುಖ್ಯ ಕೆಲಸವಲ್ಲ ಅಂತಲೂ ಅದೇ ಹೇಳುತ್ತದೆ, ಸಂಸ್ಥೆ ಇರುವುದೇ ಆ ಕೆಲಸಕ್ಕಾಗಿ ಅನ್ನುವುದಾದರೆ ಮಾತ್ರ ಬೇರೆ ಮಾತು. ಹಾಗಾದರೆ ನಗರಸಭೆ ಇರುವುದು ಯಾತಕ್ಕೆ? ಈ ಪ್ರಶ್ನೆ ಮುಂದೆ ಕೋರ್ಟುಗಳಲ್ಲಿ ಏಳುತ್ತದೆ ಅಂತ ನನ್ನ ಅಂದಾಜು. ಇನ್ನೊಂದು ಬದಲಾವಣೆಯೂ ಇದೆ. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದರೆ ಈ ನಿಯಮಗಳು ಅನ್ವಯಿಸುತ್ತಿದ್ದವು, ಈಗ 50 ಇರಬೇಕು.

ಇದು ಬರೀ ಸರ್ಕಾರದ ಮಾತಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಸೆಕ್ಯುರಿಟಿ ಏಜೆನ್ಸಿಗೆ ಒಬ್ಬರ ಲೆಕ್ಕದಲ್ಲಿ ಎಷ್ಟು ಕೊಡುತ್ತಿದ್ದೀರಿ, ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವವರ ಕೈಗೆ ಎಷ್ಟು ಹೋಗುತ್ತಿದೆ ಅಂತ ಕೇಳಿ ನೋಡಿ. ಬಿಲ್ಲಿನ ಜೊತೆ ಪಿಎಫ್, ಇಎಸ್‌ಐ ಚಲನ್ ಕೊಡಿ ಅಂತಲೂ ಕೇಳಬಹುದು.

ನೀವೇ ಹೊರಗುತ್ತಿಗೆಯಲ್ಲಿ ಇದ್ದರೆ ಸರ್ಕಾರದ ಉಮಂಗ್ ಆ್ಯಪಿನಲ್ಲಿ ನಿಮ್ಮ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಹಾಕಿ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ, ಪ್ರತಿ ತಿಂಗಳೂ ಎರಡೂ ಪಾಲು ಬಿದ್ದಿರಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು ಅನ್ನುವುದು ಕಾನೂನು. ಏಜೆನ್ಸಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಇಲಾಖೆಯೇ ಹೊಣೆ. ಹಾಗಾಗಿ ದೂರನ್ನು ಏಜೆನ್ಸಿಯ ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಇಲಾಖೆಯ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಕೊಡಿ, ಕಾರ್ಮಿಕ ನಿರೀಕ್ಷಕರಿಗೆ ಒಂದು ಪ್ರತಿ ಕಳಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಬ್ಬರೇ ಸಹಿ ಹಾಕುವುದಕ್ಕಿಂತ ಜೊತೆಯವರೆಲ್ಲ ಸೇರಿ ಹಾಕುವುದು ಒಳ್ಳೆಯದು.